ವಿಶೇಷ ರಾಸಾಯನಿಕ: ಹಂತ ನೋಡಿ ಜಾಗ ಗೊತ್ತುಮಾಡಬೇಕು

ಮಾನ್ಯ ಸಂಪಾದಕರೇ,

ವಿಶೇಷ ರಾಸಾಯನಿಕಗಳ ಪೂರೈಕೆ ಪದೇ ಪದೇ ಏರುಪೇರಾಗುತ್ತಿರುವುದನ್ನು ಕುರಿತು ತಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವು, ಪ್ರತಿ ಖಂಡದಲ್ಲೂ ಒಂದೊಂದು ಪೂರ್ಣ ಪ್ರಮಾಣದ ಕಾರ್ಖಾನೆ ಇದ್ದರೆ ಈ ತೊಂದರೆ ನೀಗುತ್ತದೆ ಎಂದು ಅಭಿಪ್ರಾಯಪಟ್ಟಿದೆ. ಸಲಹೆ ಕೇಳಲು ಸರಳವಾಗಿದೆಯಾದರೂ ವರ್ಣದ್ರವ್ಯ, ಅಂಟು, ಸುಗಂಧ, ಎಲೆಕ್ಟ್ರಾನಿಕ್ಸ್‌ಗೆ ಬೇಕಾದ ರಾಳ ಮುಂತಾದವು ನಿಜವಾಗಿ ತಯಾರಾಗುವ ಬಗೆಗೆ ಅದು ಹೊಂದುವುದಿಲ್ಲ. ಕಾರ್ಖಾನೆ ಎಲ್ಲಿರಬೇಕು ಎಂದು ಕೇಳುವ ಮೊದಲು, ತಯಾರಿಕೆಯ ಯಾವ ಹಂತ ಎಲ್ಲಿರಬೇಕು ಮತ್ತು ಅದಕ್ಕೆ ಬದಲಿ ಎಲ್ಲಿದೆ ಎಂದು ಕೇಳಬೇಕು.

ಇಂಥ ಪದಾರ್ಥ ಒಂದೇ ಸೂರಿನಡಿ ಹುಟ್ಟುವುದು ಅಪರೂಪ. ಮೂಲ ಕಚ್ಚಾವಸ್ತುವಿನಿಂದ ಮಧ್ಯಂತರ ರಾಸಾಯನಿಕ, ಅದರಿಂದ ಮುಖ್ಯ ಪದಾರ್ಥ, ಕೊನೆಯಲ್ಲಿ ಗ್ರಾಹಕರು ಬಳಸುವ ಮಿಶ್ರಣ ಎಂದು ಕೆಲಸ ಸಾಗುತ್ತದೆ. ಮೊದಲ ಹಂತಗಳಲ್ಲಿ ಗಾತ್ರಕ್ಕೆ ಬೆಲೆಯಿದೆ: ಸ್ಥಾವರದ ಸಾಮರ್ಥ್ಯವನ್ನು ಎರಡರಷ್ಟು ಮಾಡಿದರೆ ಬಂಡವಾಳ ಸುಮಾರು ಒಂದೂವರೆ ಪಟ್ಟು ಮಾತ್ರ ಆಗುತ್ತದೆ ಎಂಬುದು ಎಂಜಿನಿಯರುಗಳ ಹಳೆಯ ಲೆಕ್ಕ. ಆದ್ದರಿಂದ ಅವು ಕೆಲವೇ ಕಡೆ ನೆಲೆಗೊಳ್ಳುತ್ತವೆ. ಕೊನೆಯ ಹಂತಕ್ಕೆ ಬೇಕಾದದ್ದು ತೊಟ್ಟಿ, ಮಿಕ್ಸರ್, ಪ್ಯಾಕಿಂಗ್ ಸಾಲು ಅಷ್ಟೆ. ನೀರನ್ನೋ ದ್ರಾವಕವನ್ನೋ ಸೇರಿಸಿ ತೂಕ ಹೆಚ್ಚಿಸುವ ಆ ಕೆಲಸವನ್ನು ದೂರದಲ್ಲಿ ಮುಗಿಸಿ ಹಡಗಿನಲ್ಲಿ ನೀರು ಸಾಗಿಸುವುದಕ್ಕಿಂತ ಗ್ರಾಹಕರ ಸಮೀಪದಲ್ಲೇ ಮಾಡುವುದು ಲೇಸು. ನಡುವಿನ ಹಂತಗಳೇ ತೊಡಕಿನವು. ಅಲ್ಲಿ ಒಂದೇ ರಿಯಾಕ್ಟರಿನಲ್ಲಿ, ಅಂದರೆ ರಾಸಾಯನಿಕ ಕ್ರಿಯೆ ನಡೆಯುವ ಪಾತ್ರೆಯಲ್ಲಿ, ಸರದಿಯ ಮೇಲೆ ಹಲವು ಪದಾರ್ಥಗಳು ತಯಾರಾಗುತ್ತವೆ. ಪ್ರತಿ ಬದಲಾವಣೆಗೂ ತೊಳೆದು ಪರೀಕ್ಷಿಸಬೇಕಾದ್ದರಿಂದ ಪ್ರತಿ ಪದಾರ್ಥದ ಸರದಿಯನ್ನು ದೀರ್ಘಗೊಳಿಸುತ್ತಾರೆ, ದೀರ್ಘಗೊಳಿಸಿದಷ್ಟೂ ದಾಸ್ತಾನು ಬೆಳೆಯುತ್ತದೆ.

ಸರಪಳಿ ಕಡಿಯುವುದು ಸಾಮಾನ್ಯವಾಗಿ ಯಾರ ಗಮನಕ್ಕೂ ಬಾರದ ಕೊಂಡಿಯಲ್ಲಿ. 2012ರ ಮಾರ್ಚ್ 31ರಂದು ಜರ್ಮನಿಯ ಮಾರ್ಲ್‌ನಲ್ಲಿರುವ ಇವೋನಿಕ್ ಕಂಪನಿಯ ಸ್ಥಾವರದಲ್ಲಿ ಸ್ಫೋಟ ಸಂಭವಿಸಿ ಇಬ್ಬರು ಕಾರ್ಮಿಕರು ಮೃತಪಟ್ಟರು. ಅಲ್ಲಿ ತಯಾರಾಗುತ್ತಿದ್ದ ಸಿಡಿಟಿ ಎಂಬ ಮಧ್ಯಂತರ ರಾಸಾಯನಿಕ ಇಲ್ಲದೆ ಕಾರುಗಳ ಇಂಧನ ಮತ್ತು ಬ್ರೇಕ್ ಕೊಳವೆಗಳಿಗೆ ಬೇಕಾದ ನೈಲಾನ್-12 ಎಂಬ ಪ್ಲಾಸ್ಟಿಕ್‌ಗೆ ಕೊರತೆ ಬಿತ್ತು. ಬದಲಿ ಪ್ಲಾಸ್ಟಿಕ್‌ಗಳ ಪರೀಕ್ಷೆಯನ್ನು ಚುರುಕುಗೊಳಿಸಲು ವಾಹನ ಕಂಪನಿಗಳು ಏಪ್ರಿಲ್‌ನಲ್ಲೇ ಅಮೆರಿಕದಲ್ಲಿ ಸಭೆ ಸೇರಬೇಕಾಯಿತು. ಅದರ ಹಿಂದಿನ ವರ್ಷ ಜಪಾನಿನ ಭೂಕಂಪದಲ್ಲಿ ಮೆರ್ಕ್ ಕಂಪನಿಯ ಒನಹಾಮಾ ಘಟಕ ನಿಂತಾಗ, ಆಗ ಬೇರೆಲ್ಲೂ ತಯಾರಾಗದಿದ್ದ ಝಿರಾಲಿಕ್ ಎಂಬ ಹೊಳಪಿನ ವರ್ಣದ್ರವ್ಯ ಸಿಗದೆ ಕೆಲವು ಬಣ್ಣಗಳ ಕಾರುಗಳಿಗೆ ಬೇಡಿಕೆ ಪಡೆಯುವುದೇ ನಿಂತಿತ್ತು. 2017ರ ಅಕ್ಟೋಬರ್‌ನಲ್ಲಿ ಜರ್ಮನಿಯ ರಾಸಾಯನಿಕ ಕಂಪನಿ ಬಿಎಎಸ್‌ಎಫ್‌ನ ಲುಡ್ವಿಗ್‌ಶಾಫೆನ್ ಆವರಣದಲ್ಲಿ, ಸುಗಂಧಗಳಿಗೂ ವಿಟಮಿನ್‌ಗಳಿಗೂ ಮೂಲವಸ್ತುವಾದ ಸಿಟ್ರಾಲ್ ತಯಾರಿಸುವ ಘಟಕಕ್ಕೆ ಬೆಂಕಿ ತಗುಲಿದಾಗ ಎ ಮತ್ತು ಇ ವಿಟಮಿನ್‌ಗಳ ಪೂರೈಕೆಗೂ ಪೆಟ್ಟು ಬಿತ್ತು. ಹಬೆ, ಉಪೋತ್ಪನ್ನ, ಕೊಳವೆ ಮಾರ್ಗಗಳನ್ನು ಹಂಚಿಕೊಂಡು ಮಿತವ್ಯಯ ಸಾಧಿಸುವ ಆ ಬೃಹತ್ ಆವರಣದ ಜಾಣ್ಮೆಯನ್ನು ಮೆಚ್ಚುವವನು ನಾನು. ಆದರೆ ಒಂದು ಘಟಕ ಕೆಟ್ಟರೆ ಅದನ್ನೇ ನೆಚ್ಚಿದವೆಲ್ಲ ನಿಲ್ಲುವುದೂ ಅದೇ ವ್ಯವಸ್ಥೆಯಿಂದ. ಈ ಯಾವ ಪ್ರಸಂಗದಲ್ಲೂ ಕೊನೆಯ ಹಂತದ ಕಾರ್ಖಾನೆಗಳು ಇನ್ನೂ ಹತ್ತು ಇದ್ದಿದ್ದರೂ ಪ್ರಯೋಜನವಾಗುತ್ತಿರಲಿಲ್ಲ.

ಬದಲಿ ಎಂದರೇನು ಎಂಬುದನ್ನೂ ಬಿಗಿಯಾಗಿ ನೋಡಬೇಕು. ಗ್ರಾಹಕರು ಮಾದರಿಯನ್ನು ಪರೀಕ್ಷಿಸಿ ಒಪ್ಪುವವರೆಗೆ, ಅದಕ್ಕೆ ಎಷ್ಟೋ ತಿಂಗಳು ಹಿಡಿಯುವುದುಂಟು, ಎರಡನೆಯ ಸ್ಥಾವರ ಕಾಗದದ ಮೇಲಷ್ಟೇ ಇರುತ್ತದೆ. ಒಂದೇ ಕೈಗಾರಿಕಾ ಪ್ರದೇಶದ ಎರಡು ಘಟಕಗಳನ್ನೂ ಎರಡೆಂದು ಎಣಿಸಲಾಗದು: 2019ರ ಮಾರ್ಚ್‌ನಲ್ಲಿ ಚೀನಾದ ಶಿಯಾಂಗ್‌ಶುಯಿಯಲ್ಲಿ 78 ಜನರನ್ನು ಬಲಿತೆಗೆದುಕೊಂಡ ಸ್ಫೋಟದ ನಂತರ ಅಲ್ಲಿನ ರಾಸಾಯನಿಕ ವಲಯವನ್ನೇ ಮುಚ್ಚಲು ಸರ್ಕಾರ ನಿರ್ಧರಿಸಿತು. ಹಾಗೆಂದು ಎಲ್ಲ ಸ್ಥಾವರಗಳೂ ಎಲ್ಲವನ್ನೂ ತಯಾರಿಸಬೇಕಿಲ್ಲ. ಪ್ರತಿ ಸ್ಥಾವರಕ್ಕೂ ಎರಡೇ ಉತ್ಪನ್ನಗಳ ಸಾಮರ್ಥ್ಯ ಕೊಟ್ಟು, ಒಂದಕ್ಕೊಂದು ಕೊಂಡಿಯಾಗುವಂತೆ ಹೆಣೆದರೆ ಎಲ್ಲ ಕಡೆಯೂ ಎಲ್ಲವನ್ನೂ ತಯಾರಿಸುವಂತಿದ್ದರೆ ಸಿಗುವ ಲಾಭದ ಬಹುಪಾಲು ಸಿಗುತ್ತದೆ ಎಂದು ಕಾರು ಉದ್ಯಮವನ್ನು ಕುರಿತು 1995ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದೆ. ರಿಯಾಕ್ಟರುಗಳಿಗೂ ಈ ತರ್ಕ ಬಹುಮಟ್ಟಿಗೆ ಸಲ್ಲುತ್ತದೆ. ಕೆಡದೆ ಉಳಿಯುವ ಮಧ್ಯಂತರಗಳನ್ನು ಬೇರೆ ಜಾಗದಲ್ಲಿ ದಾಸ್ತಾನು ಇಡಬಹುದು. ಫಾಸ್ಜೀನ್‌ನಂಥ ವಿಷಾನಿಲವನ್ನು ಮಾತ್ರ ತಯಾರಿಸಿದಲ್ಲೇ ಬಳಸುವುದು ಕ್ಷೇಮ, ಅಂಥ ಹಂತಗಳನ್ನು ಬೇರ್ಪಡಿಸುವ ಮಾತೇ ಬೇಡ.

ಕಾನೂನಿನ ಲೆಕ್ಕವೂ ಇದೆ. ಐರೋಪ್ಯ ಒಕ್ಕೂಟದಲ್ಲಿ 2007ರಿಂದ ಜಾರಿಯಲ್ಲಿರುವ, ರಾಸಾಯನಿಕಗಳ ನೋಂದಣಿಗೆ ಸಂಬಂಧಿಸಿದ ರೀಚ್ ನಿಯಮದಡಿ, ವರ್ಷಕ್ಕೆ ಒಂದು ಟನ್ ಅಥವಾ ಅದಕ್ಕಿಂತ ಹೆಚ್ಚು ಆಮದು ಮಾಡುವವರೂ ನೋಂದಣಿ ಮಾಡಿಸಬೇಕು. ತಯಾರಿಕೆಯನ್ನು ಒಕ್ಕೂಟದ ಹೊರಗೆ ಸಾಗಿಸುವ ಯೋಜನೆಯಲ್ಲಿ ಈ ಖರ್ಚನ್ನು ಮರೆಯುವಂತಿಲ್ಲ.

ಲೇಖನ ಮುಟ್ಟದೆ ಬಿಟ್ಟ ಪ್ರಶ್ನೆಯೊಂದಿದೆ. ಎರಡನೆಯ ನೆಲೆಯ ಖರ್ಚು ತಯಾರಕರ ತಲೆಯ ಮೇಲೆ, ಅದರ ನೆಮ್ಮದಿ ಮಾತ್ರ ಕೊಳ್ಳುವವರಿಗೆ. ಬೆಲೆಯಲ್ಲಿ ಬಿಡಿಗಾಸಿನ ವ್ಯತ್ಯಾಸಕ್ಕೂ ಪೂರೈಕೆದಾರರನ್ನು ಬದಲಿಸುವ ಖರೀದಿ ವಿಭಾಗಗಳು, ಆ ಖರ್ಚಿನಲ್ಲಿ ಪಾಲು ಹೊರುವ ದೀರ್ಘಾವಧಿ ಒಪ್ಪಂದಕ್ಕೆ ಸಹಿ ಹಾಕದೆ ಬದಲಿ ಸ್ಥಾವರವನ್ನು ನಿರೀಕ್ಷಿಸುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ರಾಸಾಯನಿಕ ಉದ್ಯಮದ ನಿವೃತ್ತ ಎಂಜಿನಿಯರ್