ಟೊಳ್ಳು ಸಪ್ಪಳ

ತಂಗಿ,

ಪಂಚಾಯ್ತಿಯವರು ನೀನು ಕಟ್ಟಿಸಬೇಕೆಂದಿರುವ ಮಣ್ಣಿನ ಮನೆಗೆ ಪರವಾನಗಿ ಕೊಡ್ತಾರೋ ಇಲ್ವೋ ಅಂತ ಎರಡು ಪುಟ ಬರೆದಿದ್ದೀಯ. ಅದನ್ನು ಓದಿ ಮಡಚಿಟ್ಟೆ. ಕೊನೆಗೆ ಅಂಚಿನಲ್ಲಿ ಗೀಚಿದ ಸಾಲು ಇದೆಯಲ್ಲ, 'ಕಾಕಾ, ರಾತ್ರಿ ಮಗು ಮಲಗಿದಾಗ ಗೋಡೆ ಬಿದ್ದರೆ?' ಅಂತ, ಅದು ನನ್ನ ನಿದ್ದೆ ಕೆಡಿಸಿತು.

2019ರ ಆಗಸ್ಟ್ ಮಳೆಗೆ ನಮ್ಮ ಪಡಸಾಲೆ ಗೋಡೆ ಕುಸಿದದ್ದು ನಿನಗೆ ಗೊತ್ತು. ಗೊತ್ತಿಲ್ಲದ್ದು ಹೇಳ್ತೀನಿ. ಅಪ್ಪ ಕಟ್ಟಿಸಿದ ಆ ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಹೊಡೆದವನು ನಾನು. ಮದುವೆಗೆ ಬೀಗರು ಬರ್ತಾರೆ, ಸಗಣಿ ಸಾರಿಸಿದ ಗೋಡೆ ಕಂಡರೆ ಏನಂದಾರು ಅಂತ. ಬರಬರುತ್ತ ಗಿಲಾವು ಸಣ್ಣಗೆ ಬಿರಿಯಿತು. ಬಿರುಕಿನಲ್ಲಿ ಇಳಿದ ನೀರು ಆರುವುದಕ್ಕೆ ದಾರಿ ಇರಲಿಲ್ಲ. ಆ ಜುಲೈನಲ್ಲಿ ಮೊಳೆ ಹೊಡೆಯಲು ಹೋಗಿ ಗೋಡೆ ತಟ್ಟಿದೆ. ಟೊಳ್ಳು ಸಪ್ಪಳ. ನಲವತ್ತು ವರ್ಷ ಗೌಂಡಿ ಕೆಲಸ ಮಾಡಿದವನಿಗೆ ಅದು ತಿಳಿಯದೆ ಇರುತ್ತಾ? ಬಿತ್ತನೆ ಮುಗೀಲಿ ಅಂದುಕೊಂಡು ಅಲ್ಲೇ ಕ್ಯಾಲೆಂಡರ್ ತೂಗುಹಾಕಿದೆ. ಬಿದ್ದ ಮೇಲೆ ನೋಡಿದರೆ ಸಿಮೆಂಟ್ ಹಪ್ಪಳದ ಹಾಗೆ ಮುರಿದಿತ್ತು, ಒಳಗಿನ ಮಣ್ಣು ಅಂಬಲಿ. ಅವ್ವ ಆ ರಾತ್ರಿ ಅಡುಗೆಮನೆಯಲ್ಲಿ ಮಲಗಿದ್ದಳು, ಅಷ್ಟೇ. ಎಲ್ಲರೂ ಮಳೆಗೆ ಬೈದರು. ನಾನೂ ಬೈದೆ.

ನಿನ್ನ ಹೆದರಿಕೆ ಸುಳ್ಳಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ಕಡೆ ಭೂಮಿ ನಡುಗಿ ಮಲಗಿದವರ ಮೇಲೆಯೇ ಮನೆ ಬಿದ್ದವು. ಕಲ್ಲಿನ ದಪ್ಪ ಗೋಡೆ, ಸಂದಿಯಲ್ಲಿ ಬರೀ ಮಣ್ಣು, ಮೇಲೆ ಭಾರದ ಮಾಳಿಗೆ. ಭೂಕಂಪ ತಡೆಯೋ ಹಾಗೆ ಮಣ್ಣಿನ ಮನೆ ಕಟ್ಟೋಕಂತಲೇ ಇರುವ ಭಾರತೀಯ ಮಾನಕ, ಐಎಸ್ 13827, ಬಂದದ್ದೂ ಅದೇ ವರ್ಷ. ಗೋಡೆ ಎತ್ತರ ಅದರ ದಪ್ಪದ ಎಂಟು ಪಟ್ಟು ಮೀರಬಾರದು, ಹೊರಮೂಲೆಯಿಂದ ನಾಲ್ಕು ಫೂಟು ಬಿಟ್ಟೇ ಕಿಟಕಿ ಇಡಬೇಕು ಅಂತೆಲ್ಲ ಅದರಲ್ಲಿದೆ. ನಮ್ಮ ಪಡಸಾಲೆ ಗೋಡೆ ಎರಡು ಫೂಟು ದಪ್ಪ, ಒಂಬತ್ತು ಫೂಟು ಎತ್ತರ. ಅಪ್ಪನ ಲೆಕ್ಕದಲ್ಲಿ ತಪ್ಪೇ ಇರಲಿಲ್ಲ ನೋಡು.

ಪರವಾನಗಿಗೆ, ಬರೀ ಮಣ್ಣಿನ ಮನೆ ಅನ್ನಬೇಡ. ಗೋಡೆಗೆ ಹಾಕೋ ಮಣ್ಣಿನ ಬ್ಲಾಕ್ ಅದರದೇ ಮಾನಕ ಐಎಸ್ 1725 ಪ್ರಕಾರ ಅಂತ ಎಂಜಿನಿಯರ್ ಕೈಲಿ ನಕ್ಷೆಯಲ್ಲೇ ಬರೆಸು. ನಿನ್ನದು ಎರೆ ನೆಲ ಅಲ್ವಾ? ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಗಟ್ಟಿ ಗರಸು ಸಿಗೋವರೆಗೆ ಪಾಯ ತೋಡಿಸು. ಚಾವಣಿ ಎರಡು ಫೂಟಾದರೂ ಹೊರಗೆ ಚಾಚಲಿ. ಓದಿದವಳಿಗೆ ಇದನ್ನೆಲ್ಲ ಹೇಳೋಕೆ ನನಗೇ ಸಂಕೋಚ.

ಈಗಲೂ ಯಾರ ಮನೆಗೆ ಹೋದರೂ ಕೈ ತಾನಾಗಿ ಗೋಡೆ ತಟ್ಟುತ್ತದೆ. ಜನ ನಗ್ತಾರೆ.

ಮಗುವಿನ ತೊಟ್ಟಿಲು ಯಾವ ಗೋಡೆ ಕಡೆ ಕಟ್ಟುತ್ತೀ ಅಂತ ಬರೆ. ಗಿಲಾವಿಗೆ ಮಾತ್ರ ನಾನು ಬರೋವರೆಗೆ ಕೈ ಹಚ್ಚಬೇಡ. ಸುಣ್ಣವಾಗಲಿ, ಮಣ್ಣಾಗಲಿ, ನಾನೇ ಮೆತ್ತಿ ಕೊಡ್ತೀನಿ.

ನಿನ್ನ ಕಾಕಾ
ಹುನಗುಂದ