ಶುಕ್ರವಾರದ ಬ್ರಾಡ್‌ಫರ್ಡ್ ಅಳತೆ: ಎಲ್ಲರೂ ಓದಿ

ಎಲ್ಲರಿಗೂ ನಮಸ್ಕಾರ. ಈ ಶುಕ್ರವಾರ ಬೆಳಗ್ಗೆ 10ರಿಂದ 1ರವರೆಗೆ ಸ್ಪೆಕ್ಟ್ರೋಫೋಟೋಮೀಟರ್ (ದ್ರಾವಣ ಎಷ್ಟು ಬೆಳಕು ಹೀರುತ್ತದೆ ಎಂದು ಅಳೆಯುವ ಯಂತ್ರ) ನಮ್ಮ ಬ್ಯಾಚ್‌ಗೆ ಸಿಕ್ಕಿದೆ. ಪ್ರೋಟೀನ್ ಸ್ಯಾಂಪಲ್ ಇರುವವರೆಲ್ಲ ಅವತ್ತೇ ಬ್ರಾಡ್‌ಫರ್ಡ್ ಅಳತೆ (ಡೈ ಬಣ್ಣ ನೋಡಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವುದು) ಮುಗಿಸಿಕೊಳ್ಳಿ.

ಮೊದಲು ಬಂದವರು ಡೈ ಬಾಟಲಿಯನ್ನು ಫ್ರಿಜ್‌ನಿಂದ ತೆಗೆದು ಹೊರಗಿಡಿ. ಕಳೆದ ಸಲ ತಣ್ಣಗಿದ್ದದ್ದನ್ನೇ ಬಳಸಿ ನನ್ನ ರೀಡಿಂಗ್ ಎಲ್ಲ ಕೆಟ್ಟಿತು, ಇಡೀ ದಿನ ಹೋಯಿತು. ಬಾಟಲಿ ಜೋರಾಗಿ ಕುಲುಕಿದರೆ ನೊರೆ ಬರುತ್ತದೆ, ಮೆಲ್ಲಗೆ ತಿರುಗಿಸಿದರೆ ಸಾಕು. ಬಿಎಸ್‌ಎ ಸ್ಟ್ಯಾಂಡರ್ಡ್ (ಹೋಲಿಕೆಗೆ ಬಳಸುವ, ಪ್ರಮಾಣ ಗೊತ್ತಿರುವ ಪ್ರೋಟೀನ್) ಪ್ರತಿ ಸಲವೂ ಹೊಸದಾಗಿ ಹಾಕಿ, ಹಳೆಯ ಗ್ರಾಫ್ ನಂಬಬೇಡಿ. ಡೈ ಸೇರಿಸಿ 5 ನಿಮಿಷ ಬಿಟ್ಟು 595 ನ್ಯಾನೋಮೀಟರ್‌ನಲ್ಲಿ ರೀಡಿಂಗ್ ತೆಗೆಯಿರಿ. ಡೈ ಸೇರಿಸಿದ ಒಂದು ಗಂಟೆಯೊಳಗೆ ಮುಗಿಯಬೇಕು.

ನಾವು ಜಾಸ್ತಿ ಎಡವುವುದು ಬಫರ್‌ನಲ್ಲಿ, ಅಂದರೆ ಪ್ರೋಟೀನ್ ಕರಗಿರುವ ದ್ರಾವಣದಲ್ಲಿ. ನಾವು ಬಳಸುವ ಕೂಮಾಸಿ ಡೈ ಪ್ರೋಟೀನಿಗೆ, ಅದರಲ್ಲೂ ಆರ್ಜಿನೀನ್ ಎಂಬ ಅಮೈನೋ ಆಮ್ಲ ಇರುವ ಕಡೆ, ಅಂಟಿಕೊಂಡಾಗ ಕಂದುಗೆಂಪಿನಿಂದ ನೀಲಿಯಾಗುತ್ತದೆ. ಆದರೆ ಎಸ್‌ಡಿಎಸ್, ಟ್ರೈಟಾನ್‌ನಂಥ ಡಿಟರ್ಜೆಂಟ್ ಜಾಸ್ತಿ ಇದ್ದರೆ ಆ ಬಣ್ಣವನ್ನು ನಂಬುವಂತಿಲ್ಲ. ಅಂಥ ಸ್ಯಾಂಪಲ್‌ಗೆ ಪ್ರೋಟೀನ್ ಅಳೆಯುವ ಇನ್ನೊಂದು ವಿಧಾನವಾದ ಬಿಸಿಎ ಒಳ್ಳೆಯದು. ಅದಕ್ಕೆ ಡಿಟಿಟಿ (ಕೆಲವು ಬಫರ್‌ಗಳಿಗೆ ಹಾಕುವ ರಿಡ್ಯೂಸಿಂಗ್ ರಾಸಾಯನಿಕ) ಆಗಿಬರುವುದಿಲ್ಲ, ನೆನಪಿರಲಿ. ಬ್ಲಾಂಕ್‌ಗೆ (ಸೊನ್ನೆ ಹೊಂದಿಸಲು ಇಡುವ, ಪ್ರೋಟೀನ್ ಇಲ್ಲದ ಸ್ಯಾಂಪಲ್) ಸುಮ್ನೆ ನೀರು ಹಾಕಬೇಡಿ, ನಿಮ್ಮದೇ ಬಫರ್ ಹಾಕಿ.

ಕ್ವಾರ್ಟ್ಜ್ ಕ್ಯುವೆಟ್ (ರೀಡಿಂಗ್‌ಗೆ ದ್ರಾವಣ ಹಾಕುವ ಚಿಕ್ಕ ಪಾತ್ರೆ) ದಯವಿಟ್ಟು ಮುಟ್ಟಬೇಡಿ, ಡೈ ಅದಕ್ಕೆ ಅಂಟುತ್ತದೆ. ಪ್ಲಾಸ್ಟಿಕ್‌ನವು ಎರಡನೇ ಡ್ರಾಯರ್‌ನಲ್ಲಿವೆ. ಗ್ಲೌಸ್ ಹಾಕಿಕೊಳ್ಳಿ.

ಎಷ್ಟು ಸ್ಯಾಂಪಲ್, ಯಾವ ಬಫರ್ ಅಂತ ಬುಧವಾರ ಸಂಜೆಯೊಳಗೆ ಇಲ್ಲೇ ತಿಳಿಸಿ. ಅದನ್ನು ನೋಡಿ ಸರದಿ ಹಾಕುತ್ತೇನೆ. ಮೊದಲ ಸಲ ಮಾಡುವವರು ಅರ್ಧ ಗಂಟೆ ಮುಂಚೆ ಬನ್ನಿ, ಜೊತೆಗೇ ಮಾಡೋಣ.