ಬಬತಾಳ ಚೀಲದಲ್ಲಿದ್ದ ಮದುವೆಗಳು: ಕಿರಿಯ ಬರಹಗಾರರೊಬ್ಬರಿಗೆ ಪತ್ರ

ಪ್ರಿಯ ಕಿರಿಯ ಮಿತ್ರರಿಗೆ,

ವಂದನೆಗಳು. ನೀವು ಕಳಿಸಿದ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಎರಡು ಸಾವಿರ ವರ್ಷಗಳ ಹಿಂದಿನ ಗಂಡಂದಿರನ್ನು ಕುರಿತು ಕನ್ನಡದಲ್ಲಿ ಬರೆಯಹೊರಟಿರುವುದು ಸಣ್ಣ ಕೆಲಸವಲ್ಲ, ಭಾಷೆಯೂ ನಿಮ್ಮ ಕೈಗೆ ಪಳಗಿದೆ. ಆದರೆ ಬರಹವನ್ನು ಯೆಹೂದಿ ಗಂಡ, ಗ್ರೀಕ್ ಮತ್ತು ರೋಮನ್ ಗಂಡ, ಕ್ರೈಸ್ತ ಗಂಡ ಎಂದು ಮೂರು ಭಾಗ ಮಾಡಿ, ಮೊದಲನೆಯವನನ್ನು ಶಾಸ್ತ್ರಕ್ಕೆ ಕಟ್ಟುಬಿದ್ದವನೆಂದೂ ಎರಡನೆಯವನನ್ನು ದರ್ಪಿಷ್ಠನೆಂದೂ ಮೂರನೆಯವನನ್ನು ಇವರಿಬ್ಬರಿಗಿಂತ ಕರುಣಾಳುವೆಂದೂ ಚಿತ್ರಿಸಿರುವುದು ನನಗೆ ಒಪ್ಪಿಗೆಯಾಗಲಿಲ್ಲ. ಹಾಗೆ ಮೂರು ಕೋಣೆ ಕಟ್ಟಿಕೊಂಡರೆ ಬರೆಯುವವರಿಗೆ ಅನುಕೂಲ ಹೌದು. ಆ ಕಾಲದ ಜನ ಮಾತ್ರ ಆ ಕೋಣೆಗಳಲ್ಲಿ ಸಂಸಾರ ಮಾಡಲಿಲ್ಲ.

ನೀವು ಅರ್ಧ ಪುಟದಲ್ಲಿ ದಾಟಿಹೋಗಿರುವ, ಕ್ರಿ.ಶ. ಎರಡನೆಯ ಶತಮಾನದ ಯೆಹೂದಿ ಹೆಂಗಸು ಬಬತಾಳಿಂದಲೇ ತೊಡಗುತ್ತೇನೆ. ಮೃತ ಸಮುದ್ರದ ಪಶ್ಚಿಮಕ್ಕಿರುವ ನಹಲ್ ಹೆವೆರ್ ಕಣಿವೆಯ ಗುಹೆಯೊಂದರಲ್ಲಿ 1961ರಲ್ಲಿ ಪುರಾತತ್ವಜ್ಞ ಯಿಗಾಯೆಲ್ ಯಾದಿನ್ ಅವರ ತಂಡಕ್ಕೆ ದೊರೆತ ಆಕೆಯ ಕಾಗದದ ಕಟ್ಟಿನಲ್ಲಿ 35ರಷ್ಟು ಪತ್ರಗಳಿದ್ದವು. ಕೆಲವು ನಬಾತಿಯನ್, ಕೆಲವು ಅರಾಮಿಕ್, ಹೆಚ್ಚಿನವು ಗ್ರೀಕ್ ಭಾಷೆಯವು. ಕ್ರಿ.ಶ. 132ರಲ್ಲಿ ರೋಮಿನ ವಿರುದ್ಧ ಬಾರ್ ಕೊಖ್ಬಾನ ದಂಗೆ ಎದ್ದಾಗ ಪ್ರಾಣ ಉಳಿಸಿಕೊಳ್ಳಲು ಗುಹೆ ಸೇರಿದವರ ಜೊತೆ ಈ ಕಟ್ಟೂ ಅಲ್ಲಿಗೆ ಹೋಯಿತು. ಬಬತಾಳಿಗೆ ಓದುಬರಹ ಬರುತ್ತಿರಲಿಲ್ಲ; ಅಕ್ಷರ ತಿಳಿಯದವಳಾದ್ದರಿಂದ ಅವಳ ಪರವಾಗಿ ಬೇರೊಬ್ಬನು ಬರೆದಿದ್ದಾನೆಂದು ಪತ್ರವೊಂದರಲ್ಲೇ ಇದೆ. ಅಕ್ಷರ ಬಾರದವಳು ಅಷ್ಟೂ ಪತ್ರಗಳನ್ನು ಜೋಪಾನವಾಗಿ ಚರ್ಮದ ಚೀಲದಲ್ಲಿ ಇಟ್ಟುಕೊಂಡಿದ್ದಳು. ಮನೆಯ ಕಾಗದಪತ್ರಗಳನ್ನು ಟ್ರಂಕಿನ ತಳದಲ್ಲಿ ಬಟ್ಟೆ ಸುತ್ತಿ ಇಡುತ್ತಿದ್ದ ಅಜ್ಜಿಯರನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅವಳ ಮೊದಲ ಗಂಡ ಯೇಶುವ ಎಂಬವನು ಒಬ್ಬ ಮಗನನ್ನು ಬಿಟ್ಟು ತೀರಿಕೊಂಡಿದ್ದ. ಎರಡನೆಯ ಗಂಡ ಏನ್‌ಗೆದಿ ಊರಿನ ಯೆಹೂದಾ. ಅವನಿಗೆ ಮಿರಿಯಮ್ ಎಂಬ ಇನ್ನೊಬ್ಬ ಹೆಂಡತಿ ಇದ್ದಳು, ಶೆಲಮ್‌ಸಿಯೋನ್ ಎಂಬ ಮಗಳೂ ಇದ್ದಳು. ಬಬತಾಳ ಸ್ವಂತ ವಿವಾಹಪತ್ರ ಅರಾಮಿಕ್ ಭಾಷೆಯಲ್ಲಿದೆ. ಮೋಶೆಯ ಮತ್ತು ಯೆಹೂದಿಗಳ ಕಟ್ಟಳೆಯಂತೆ ಅವಳು ತನ್ನ ಹೆಂಡತಿಯೆಂದೂ, ಅವಳೇನಾದರೂ ಸೆರೆಹೋದರೆ ತನ್ನ ಸ್ವತ್ತಿನಿಂದ ಹಣ ಕೊಟ್ಟು ಬಿಡಿಸಿ ಮತ್ತೆ ಹೆಂಡತಿಯಾಗಿಯೇ ಮನೆಗೆ ಕರೆದುಕೊಳ್ಳುವೆನೆಂದೂ ಗಂಡ ಅದರಲ್ಲಿ ಮಾತು ಕೊಡುತ್ತಾನೆ. ಇದನ್ನು ಓದಿದವರು, ಸರಿ, ಇದು ಯೆಹೂದಿ ಮದುವೆ ಎಂದು ಪಕ್ಕಕ್ಕಿಡುತ್ತಾರೆ. ಆದರೆ ಅದೇ ಯೆಹೂದಾ ಕ್ರಿ.ಶ. 128ರ ಏಪ್ರಿಲ್ 5ರಂದು ಮಗಳ ಮದುವೆ ಮಾಡಿದಾಗ ಬರೆಸಿದ ಪತ್ರ ಗ್ರೀಕ್ ಭಾಷೆಯದು. ಮಗಳು ತಂದದ್ದು 200 ದಿನಾರಿ (ರೋಮನ್ ಬೆಳ್ಳಿ ನಾಣ್ಯ) ಬೆಲೆಯ ಬೆಳ್ಳಿ, ಬಂಗಾರ, ಬಟ್ಟೆ. ಅದಕ್ಕೆ ವರನು ತನ್ನ ಕಡೆಯಿಂದ 300 ದಿನಾರಿ ಸೇರಿಸಿ ಒಟ್ಟು 500ಕ್ಕೆ ತಾನು ಹೊಣೆಯೆಂದು ಒಪ್ಪಿಕೊಳ್ಳುತ್ತಾನೆ, ಹೆಂಡತಿಗೂ ಮುಂದೆ ಹುಟ್ಟುವ ಮಕ್ಕಳಿಗೂ ಅನ್ನ, ಬಟ್ಟೆಯನ್ನು ಗ್ರೀಕರ ಪದ್ಧತಿಯಂತೆ ಒದಗಿಸುವೆನೆನ್ನುತ್ತಾನೆ. ಹುಡುಗ, ಹುಡುಗಿ, ಬೀಗರು ಎಲ್ಲರೂ ಯೆಹೂದಿಗಳು. ಒಂದೇ ಮನೆಯಲ್ಲಿ ಹೆಂಡತಿಯ ಮದುವೆ ಮೋಶೆಯ ಕಟ್ಟಳೆಯದು, ಮಗಳದು ಗ್ರೀಕರ ಪದ್ಧತಿಯದು. ಈ ಶೆಲಮ್‌ಸಿಯೋನಳನ್ನು ನಿಮ್ಮ ಮೂರು ಭಾಗಗಳಲ್ಲಿ ಎಲ್ಲಿ ಕೂರಿಸುತ್ತೀರಿ?

ಇನ್ನೂ ಒಂದು ಪತ್ರವಿದೆ. ಆ ಮದುವೆಗೆ ಆರು ವಾರ ಮುಂಚೆ, ಫೆಬ್ರವರಿ 21ರಂದು, ಯೆಹೂದಾ ತನ್ನ ಹೆಂಡತಿ ಬಬತಾಳಿಂದಲೇ 300 ದಿನಾರಿ ಪಡೆದು, ಕೇಳಿದಾಗ ಹಿಂದಿರುಗಿಸುವೆನೆಂದು ಬರೆದುಕೊಟ್ಟಿದ್ದಾನೆ. ಮಲಮಗಳ ಮದುವೆಯ ಖರ್ಚಿಗೇ ಆ ಹಣ ಹೋಯಿತೆಂದು ಊಹಿಸಿದವರಿದ್ದಾರೆ. ಊಹೆಯನ್ನು ಊಹೆಯಾಗಿಯೇ ಬರೆಯಿರಿ. ಎರಡು ವರ್ಷಗಳಲ್ಲಿ ಯೆಹೂದಾ ಸತ್ತ. ಬಬತಾ ಅವನ ಖರ್ಜೂರದ ತೋಟಗಳನ್ನು ತನ್ನ ವಿವಾಹಧನಕ್ಕೂ ಅವನ ಸಾಲಕ್ಕೂ ಪ್ರತಿಯಾಗಿ ಹಿಡಿದುಕೊಂಡು 130ರ ಸೆಪ್ಟೆಂಬರ್‌ನಲ್ಲಿ ಅದರ ಫಸಲು ಮಾರಿದಳು. ಇಲ್ಲಿ ಗಂಡ ಎಂದರೆ ಯಾರು? ಒಡೆಯನೂ ಹೌದು, ಹೆಂಡತಿಗೆ ಸಾಲ ತೀರಿಸಬೇಕಾದವನೂ ಹೌದು. ನಿಮ್ಮ ಕರಡಿನ ‘ಶಾಸ್ತ್ರಬದ್ಧ ಯೆಹೂದಿ ಗಂಡ’ ಈ ಲೆಕ್ಕಪತ್ರದ ಮುಂದೆ ನಿಲ್ಲಲಾರ.

ಇದೇ ಜಾಗದಲ್ಲಿ ಪದದ ಮಾತೊಂದನ್ನು ಹೇಳಿಬಿಡುತ್ತೇನೆ. ಯೆಹೂದಿಗಳ ‘ಕೆತೂಬಾ’ವನ್ನು ನೀವು ಎಲ್ಲ ಕಡೆ ವರದಕ್ಷಿಣೆ ಎಂದಿದ್ದೀರಿ. ವರದಕ್ಷಿಣೆ ಹುಡುಗಿಯ ಕಡೆಯಿಂದ ಹುಡುಗನ ಕಡೆಗೆ ಹೋಗುವ ಹಣ. ನಮ್ಮ ಹಿರಿಯರು ‘ತೆರ’ ಎನ್ನುತ್ತಿದ್ದದ್ದು ಹುಡುಗನ ಕಡೆಯವರು ಹುಡುಗಿಯ ತವರಿಗೆ ಕೊಡುತ್ತಿದ್ದ ಹಣ. ಕೆತೂಬಾ ಎರಡೂ ಅಲ್ಲ. ತಾನು ಬಿಟ್ಟರೆ ಅಥವಾ ಸತ್ತರೆ ತನ್ನ ಆಸ್ತಿಯಿಂದ ಇಷ್ಟು ಹಣ ಹೆಂಡತಿಗೆ ಸಲ್ಲತಕ್ಕದ್ದೆಂದು ಗಂಡ ಬರೆದುಕೊಡುವ ಹೊಣೆಪತ್ರ ಅದು, ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಯೆಹೂದಿ ಧರ್ಮನಿಯಮಗಳ ಗ್ರಂಥ ಮಿಶ್ನಾ ಅದನ್ನು ಕನ್ಯೆಗೆ 200 ಝೂಝ್ ಎಂಬ ಬೆಳ್ಳಿ ನಾಣ್ಯ, ವಿಧವೆಗೆ 100 ಎಂದು ಗೊತ್ತುಮಾಡುತ್ತದೆ. ಕನ್ನಡ ಓದುಗರಿಗೆ ಹೋಲಿಕೆ ಬೇಕೆಂದರೆ ಮುಸ್ಲಿಮರ ‘ಮಹರ್’ ಹತ್ತಿರದ್ದು. ಒಂದು ತಪ್ಪು ಪದದಿಂದ ಹಣ ಹರಿಯುವ ದಿಕ್ಕೇ ತಿರುಗಿಬಿಡುತ್ತದೆ, ಅದರೊಡನೆ ಗಂಡನ ಸ್ವಭಾವವೂ ತಿರುಗುತ್ತದೆ.

ಮಿಶ್ನಾದಿಂದ ನೀವು ಎತ್ತಿಕೊಂಡಿರುವ ವಾಕ್ಯದ ವಿಷಯದಲ್ಲೂ ಜಾಗ್ರತೆ ಬೇಕು. ಅಡುಗೆ ಸೀಯಿಸಿದರೂ ಹೆಂಡತಿಯನ್ನು ಬಿಡಬಹುದೆಂಬ ಯೆಹೂದಿ ಗುರು ಹಿಲ್ಲೇಲನ ಪಂಥದ ಮಾತನ್ನು ಎತ್ತಿ ತೋರಿಸಿ, ಯೆಹೂದಿ ಗಂಡಂದಿರು ಹಾಗೆ ಮಾಡುತ್ತಿದ್ದರು ಎಂದಿದ್ದೀರಿ. ಅದು ಬೈಬಲಿನ ಧರ್ಮೋಪದೇಶಕಾಂಡದ ಒಂದು ಪದದ ಅರ್ಥವನ್ನು ಕುರಿತ ವಾದ. ಅದರ ಪಕ್ಕದಲ್ಲೇ ನಡತೆಯ ದೋಷ ಕಂಡರೆ ಮಾತ್ರ ಬಿಡಬಹುದೆಂಬ ಶಮ್ಮಾಯಿ ಪಂಥದ ಮಾತೂ ಇದೆ. ಪಂಡಿತರು ಒಂದು ನಿಯಮವನ್ನು ಎಷ್ಟು ದೂರ ಎಳೆಯಬಹುದೆಂದು ಚರ್ಚಿಸಿದ್ದನ್ನು ಊರಿನ ನಡವಳಿಕೆಯ ವರದಿಯೆಂದು ಓದುವುದು ತಪ್ಪು. ಅದಕ್ಕಿಂತ ಅದೇ ಗ್ರಂಥದಲ್ಲಿ ಗಂಡನು ಹೆಂಡತಿಗೆ ಸಲ್ಲಿಸಬೇಕಾದ ದಾಂಪತ್ಯದ ಋಣವನ್ನು ಕಸುಬಿನ ಪ್ರಕಾರ ಲೆಕ್ಕ ಹಾಕಿರುವ ಭಾಗವನ್ನು ನೀವು ಬಳಸಿಕೊಳ್ಳಬಹುದಿತ್ತು: ಕೂಲಿಯವನಿಗೆ ವಾರಕ್ಕೆ ಎರಡು ಸಲ, ಕತ್ತೆ ಹೊಡೆಯುವವನಿಗೆ ವಾರಕ್ಕೊಮ್ಮೆ, ಒಂಟೆಯವನಿಗೆ ಮೂವತ್ತು ದಿನಕ್ಕೊಮ್ಮೆ, ನಾವಿಕನಿಗೆ ಆರು ತಿಂಗಳಿಗೊಮ್ಮೆ. ನಗು ಬಂದರೆ ಬರಲಿ. ದುಡಿಯಲು ದೂರ ಹೋಗುವ ಗಂಡಂದಿರ ಒಂದು ಇಡೀ ಲೋಕ ಆ ಪಟ್ಟಿಯಲ್ಲಿದೆ.

ದೂರ ಹೋದ ಗಂಡನ ಮಾತು ಬಂದದ್ದರಿಂದ ಹಿಲಾರಿಯೋನನ ಪತ್ರಕ್ಕೆ ಬರುತ್ತೇನೆ. ಕ್ರಿ.ಪೂ. 1ರಲ್ಲಿ ಅಲೆಕ್ಸಾಂಡ್ರಿಯಾದಿಂದ ಅವನು ಬಸುರಿ ಹೆಂಡತಿ ಅಲಿಸಳಿಗೆ ಗ್ರೀಕ್ ಭಾಷೆಯಲ್ಲಿ ಬರೆದದ್ದು ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿತು. ನೀವು ಅದರಿಂದ ಒಂದೇ ವಾಕ್ಯ ಉಲ್ಲೇಖಿಸಿದ್ದೀರಿ: ಗಂಡಾದರೆ ಇಟ್ಟುಕೋ, ಹೆಣ್ಣಾದರೆ ಹೊರಗೆ ಹಾಕು. ಓದಿದವರ ಮೈ ನಡುಗುತ್ತದೆ, ನಡುಗಬೇಕಾದದ್ದೇ. ಆದರೆ ಅದರ ಮರುವಾಕ್ಯವನ್ನೇ ಏಕೆ ಕತ್ತರಿಸಿದಿರಿ? ನನ್ನನ್ನು ಮರೆಯಬೇಡವೆಂದು ಹೇಳಿಕಳಿಸಿದ್ದೀಯೆ, ನಿನ್ನನ್ನು ಹೇಗೆ ಮರೆಯಲಿ, ಚಿಂತೆ ಮಾಡಬೇಡ ಎಂದು ಅವನು ಬರೆಯುತ್ತಾನೆ. ಕೂಲಿ ಕೈಗೆ ಬಂದೊಡನೆ ಕಳಿಸುವೆನೆಂಬ ಮಾತೂ ಇದೆ. ಆ ಅಕ್ಕರೆಯೂ ಆ ಕ್ರೌರ್ಯವೂ ಒಬ್ಬನವೇ. ಎರಡರಲ್ಲಿ ಒಂದನ್ನು ತೆಗೆದರೆ ಉಳಿಯುವುದು ನೀವು ಮಾಡಿದ ಗೊಂಬೆ, ಹಿಲಾರಿಯೋನ್ ಅಲ್ಲ.

ಈ ವಿಷಯದಲ್ಲಿ ನೀವು ಬೇರೆ ಬೇರೆ ಲೋಕಗಳ ನಡುವೆ ನಿಜವಾದ ವ್ಯತ್ಯಾಸ ತೋರಿಸಬಹುದಾಗಿತ್ತು, ಅಲ್ಲಿ ಮಾತ್ರ ತೋರಿಸಲಿಲ್ಲ. ಹುಟ್ಟಿದ ಕೂಸನ್ನು ಎಸೆಯುವುದನ್ನು ಯೆಹೂದಿ ಬರಹಗಾರರಾದ ಫಿಲೋ ಮತ್ತು ಜೋಸೆಫಸ್ ಖಂಡಿಸಿದರು. ದಿಯೋಗ್ನೇತಸನಿಗೆ ಬರೆದದ್ದೆನ್ನುವ ಪ್ರಾಚೀನ ಕ್ರೈಸ್ತ ಪತ್ರವೊಂದು, ಕ್ರೈಸ್ತರು ಎಲ್ಲರಂತೆಯೇ ಮದುವೆಯಾಗುತ್ತಾರೆ, ಮಕ್ಕಳನ್ನು ಹಡೆಯುತ್ತಾರೆ, ಆದರೆ ಹುಟ್ಟಿದ್ದನ್ನು ಎಸೆಯುವುದಿಲ್ಲ ಎನ್ನುತ್ತದೆ. ‘ಎಲ್ಲರಂತೆಯೇ’ ಎಂಬ ಮಾತಿನ ಕೆಳಗೆ ಗೆರೆ ಎಳೆದುಕೊಳ್ಳಿ. ಭೇದ ಮಗುವಿನ ವಿಷಯದಲ್ಲಿತ್ತು, ಮದುವೆಯ ಶಾಸ್ತ್ರದಲ್ಲಿ ಅಲ್ಲ.

ಕ್ರೈಸ್ತ ಭಾಗದಲ್ಲಿ ನಿಮ್ಮ ಕೈ ಸ್ವಲ್ಪ ಮೆತ್ತಗಾಗಿದೆ. ಗಂಡಂದಿರೇ, ನಿಮ್ಮ ಹೆಂಡತಿಯರನ್ನು ಪ್ರೀತಿಸಿರಿ ಎಂಬ ವಾಕ್ಯವನ್ನು ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರಿಕೆಯಿಂದ ತೆಗೆದು, ಗ್ರೀಕರಲ್ಲಿ ಇಂಥದ್ದೇನೂ ಇರಲಿಲ್ಲ ಎಂದಿದ್ದೀರಿ. ಗಂಡ ಹೆಂಡತಿ, ತಂದೆ ಮಕ್ಕಳು, ಒಡೆಯ ಆಳು ಎಂದು ಮನೆಯನ್ನು ಮೂರು ಜೋಡಿಗಳಾಗಿ ವಿಂಗಡಿಸಿ ಪ್ರತಿ ಜೋಡಿಗೂ ಕರ್ತವ್ಯ ಹೇಳುವ ಆ ಪತ್ರಿಕೆಯ ಕ್ರಮ ಕೊಲೊಸ್ಸೆಯವರಿಗೆ ಬರೆದದ್ದರಲ್ಲೂ ಇದೆ, ಅವೇ ಮೂರು ಜೋಡಿಗಳು ಅರಿಸ್ಟಾಟಲನ ರಾಜನೀತಿ ಗ್ರಂಥದ ಮೊದಲ ಭಾಗದಲ್ಲೂ ಇವೆ. ಹಳೆಯ ಪಾತ್ರೆಗೆ ಹೊಸ ಪದಾರ್ಥ ಹಾಕಿದ್ದನ್ನು ಹೇಳಬೇಕಾದರೆ ಪಾತ್ರೆ ಹಳೆಯದೆಂದು ಮೊದಲು ಒಪ್ಪಿಕೊಳ್ಳಬೇಕು. ಹೊಸತು ಬೇಕೆಂದರೆ ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 7ನೆಯ ಅಧ್ಯಾಯ ನೋಡಿ. ಹೆಂಡತಿಯ ದೇಹದ ಮೇಲೆ ಗಂಡನಿಗೆ ಅಧಿಕಾರವಿದೆಯೆನ್ನುವ, ಆ ಪತ್ರಿಕೆ ಬರೆದ ಪೌಲ, ಅದೇ ಉಸಿರಿನಲ್ಲಿ ಗಂಡನ ದೇಹದ ಮೇಲೆ ಅವನಿಗಲ್ಲ, ಹೆಂಡತಿಗೇ ಅಧಿಕಾರ ಎನ್ನುತ್ತಾನೆ. ಮನೆಯ ದಾಸಿಯರ ಬಳಿ ಹೋಗುವುದು ಗಂಡನಿಗೆ ದೋಷವಲ್ಲವೆಂದು ಕಾನೂನೂ ಸಮಾಜವೂ ನೋಡುತ್ತಿದ್ದ ಊರುಗಳಲ್ಲಿ ಈ ಎರಡನೆಯ ಅರ್ಧ ಕೇಳಿದವರಿಗೆ ಹೇಗೆನಿಸಿರಬೇಕು!

ವಿಚ್ಛೇದನದ ಮಾತಿನಲ್ಲೂ ಗೋಡೆಗಳು ಕರಗುವುದನ್ನು ಗಮನಿಸಿ. ಮತ್ತಾಯನ ಸುವಾರ್ತೆಯಲ್ಲಿ ಯೇಸು, ಹೆಂಡತಿಯನ್ನು ಬಿಡುವ ಗಂಡನ ಬಗ್ಗೆ ಮಾತ್ರ ಹೇಳುತ್ತಾನೆ. ಮಾರ್ಕನ 10ನೆಯ ಅಧ್ಯಾಯದಲ್ಲಿ ಗಂಡನನ್ನು ಬಿಡುವ ಹೆಂಡತಿಯ ಮಾತೂ ಬರುತ್ತದೆ. ರೋಮನ್ ಕಾನೂನಿನಲ್ಲಿ ಹೆಂಡತಿಯೂ ಬಿಟ್ಟುಹೋಗಬಹುದಾಗಿದ್ದ ಲೋಕದ ಓದುಗರಿಗೆ ಆ ಮಾತು ಬೇಕಾಗಿತ್ತೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಹಾಗೆಂದು ಯೆಹೂದಿ ಹೆಂಡತಿಗೆ ಆ ದಾರಿ ಎಂದೂ ಇರಲಿಲ್ಲವೆನ್ನಬೇಡಿ. ಕ್ರಿ.ಪೂ. ಐದನೆಯ ಶತಮಾನದಲ್ಲಿ ನೈಲ್ ನದಿಯ ಎಲಿಫೆಂಟೈನ್ ದ್ವೀಪದಲ್ಲಿದ್ದ ಯೆಹೂದಿಗಳ ವಿವಾಹಪತ್ರಗಳಲ್ಲಿ, ಇಂದಿನಿಂದ ಎಂದೆಂದಿಗೂ ಇವಳು ನನ್ನ ಹೆಂಡತಿ, ನಾನು ಇವಳ ಗಂಡ ಎಂದು ಬರೆದ ಕೆಲವು ಸಾಲುಗಳ ನಂತರ, ಗಂಡನಾಗಲಿ ಹೆಂಡತಿಯಾಗಲಿ ಸಭೆಯಲ್ಲಿ ಎದ್ದು ನಿಂತು ‘ದ್ವೇಷಿಸುತ್ತೇನೆ’ ಎಂದರೆ ‘ದ್ವೇಷದ ಬೆಳ್ಳಿ’ ತೆತ್ತು ಬಿಡುಗಡೆ ಪಡೆಯಬಹುದೆಂದಿದೆ.

ರೋಮನ್ ಗಂಡನನ್ನು ದರ್ಪಿಷ್ಠನೆಂದು ಬರೆಯುವ ಮೊದಲು ಕ್ರಿ.ಪೂ. ಮೊದಲ ಶತಮಾನದ ಕೊನೆಯ ಭಾಗದ, ‘ತೂರಿಯಾಳ ಪ್ರಶಂಸೆ’ ಎಂದು ಹೆಸರಾದ ಶಿಲಾಶಾಸನವನ್ನು ಓದಿ. ತುಣುಕುಗಳಲ್ಲಿ ಉಳಿದ ಅದರಲ್ಲಿ ದಂಪತಿಗಳ ಹೆಸರಿಲ್ಲ. ತೂರಿಯಾ ಎಂಬುದು ನಂತರದವರ ಊಹೆ. 41 ವರ್ಷ ಬಾಳಿದ ಹೆಂಡತಿ ಸತ್ತಾಗ ಗಂಡ ಕಲ್ಲಿನಲ್ಲಿ ಕೆತ್ತಿಸಿದ್ದು. ವಿಚ್ಛೇದನದಿಂದ ಮುರಿಯದೆ ಸಾವಿನಿಂದಲೇ ಮುಗಿಯುವಷ್ಟು ದೀರ್ಘ ಮದುವೆಗಳು ವಿರಳ ಎಂದು ಅವನೇ ಹೇಳುತ್ತಾನೆ. ಮಕ್ಕಳಾಗದೆ ಹೋದಾಗ ಅವಳು, ನಾನು ಬಿಟ್ಟುಹೋಗುತ್ತೇನೆ, ಯೋಗ್ಯಳಾದ ಇನ್ನೊಬ್ಬಳನ್ನು ನಾನೇ ಹುಡುಕಿ ಕೊಡುತ್ತೇನೆ, ಅವಳ ಮಕ್ಕಳನ್ನು ನನ್ನವೆಂದೇ ಕಾಣುತ್ತೇನೆ ಎಂದಳಂತೆ. ಅದನ್ನು ಕೇಳಿ ತನಗೆ ಬುದ್ಧಿ ಹಾರಿಹೋದಂತಾಯಿತೆಂದು ಗಂಡ ಬರೆಸಿದ್ದಾನೆ. ಗೋರಿಯ ಮಾತು ಗೋರಿಗೆ ತಕ್ಕ ಹಾಗೆಯೇ ಇರುತ್ತದೆ, ಒಪ್ಪುತ್ತೇನೆ. ಆದರೂ ಈ ಗಂಡನ ಕೋಪ ನನಗೆ ಸುಳ್ಳೆನಿಸುವುದಿಲ್ಲ.

ಗೋರಿಗೆ ವಿರುದ್ಧ ಸಾಕ್ಷಿ ಬೇಕಾದರೆ ಕ್ರೈಸ್ತ ಬಿಷಪ್ ಅಗಸ್ಟೀನನಲ್ಲಿದೆ. ಉತ್ತರ ಆಫ್ರಿಕದ ಥಗಾಸ್ತೆಯಲ್ಲಿ ತನ್ನ ತಾಯಿ ಮೋನಿಕಾಳ ಸಂಸಾರ ಹೇಗಿತ್ತೆಂದು ಅವನು ತನ್ನ ಆತ್ಮನಿವೇದನೆಯ ಒಂಬತ್ತನೆಯ ಭಾಗದಲ್ಲಿ ಬರೆಯುತ್ತಾನೆ. ತಾಯಿ ಕ್ರೈಸ್ತಳು, ತಂದೆ ಪ್ಯಾಟ್ರಿಷಿಯಸ್ ಸಾಯುವ ಕಾಲಕ್ಕೆ ಹತ್ತಿರವಾದಾಗ ಮಾತ್ರ ಕ್ರೈಸ್ತನಾದವನು, ಮುಂಗೋಪಿ, ಹೆಂಡತಿಗೆ ನಿಷ್ಠನೂ ಅಲ್ಲ. ಊರಿನ ಹೆಂಗಸರು ಮುಖದ ಮೇಲಿನ ಪೆಟ್ಟಿನ ಗುರುತುಗಳೊಡನೆ ಬಂದು ಗಂಡಂದಿರನ್ನು ದೂರುತ್ತಿದ್ದರು. ವಿವಾಹಪತ್ರವನ್ನು ಓದಿದ ದಿನವೇ ಅದು ನಿಮ್ಮನ್ನು ದಾಸಿಯರನ್ನಾಗಿಸಿದ ಪತ್ರವೆಂದು ತಿಳಿಯಬೇಕಿತ್ತು ಎಂದು ಮೋನಿಕಾ ತಮಾಷೆಯೆಂಬಂತೆ ಅವರಿಗೆ ಹೇಳುತ್ತಿದ್ದಳಂತೆ. ಮಗ ಇದನ್ನು ತಾಯಿಯ ವಿವೇಕವೆಂದು ಮೆಚ್ಚುತ್ತಾನೆ. ನನಗೆ ಆ ಮೆಚ್ಚುಗೆ ಹಿಡಿಸುವುದಿಲ್ಲ. ನಿಮ್ಮ ಮೂರನೆಯ ಭಾಗದ ಕರುಣಾಳು ಗಂಡನನ್ನು ಬರೆಯುವಾಗ, ಸಂತನೆನಿಸಿಕೊಂಡ ಮಗನು ಆ ಪೆಟ್ಟುಗಳನ್ನು ಎಷ್ಟು ನಿರಾಳವಾಗಿ ದಾಟಿಹೋದನೆಂಬುದು ನಿಮ್ಮ ಮುಂದಿರಲಿ.

ಒಂದು ಸಣ್ಣ ಮಾತು. ಗಂಡನನ್ನು ‘ನಮ್ಮ ಯಜಮಾನರು’ ಎನ್ನುವ ಭಾಷೆಯಲ್ಲಿ ನೀವು ಬರೆಯುತ್ತಿದ್ದೀರಿ. ಹೀಬ್ರೂವಿನಲ್ಲೂ ಗಂಡನಿಗೆ ‘ಬಾಲ್’ ಎಂಬ ಪದವಿತ್ತು, ಒಡೆಯನೆಂದೇ ಅರ್ಥ. ಇನ್ನೊಂದು ಪದ ‘ಈಶ್’, ಬರಿಯ ಮನುಷ್ಯ, ಗಂಡಸು. ಬೈಬಲಿನ ಹೋಶೇಯನ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ದೇವರು, ಇನ್ನು ನೀನು ನನ್ನನ್ನು ‘ನನ್ನ ಬಾಲ್’ ಎನ್ನದೆ ‘ನನ್ನ ಈಶ್’ ಎನ್ನುವೆ ಎಂದು ಇಸ್ರಾಯೇಲಿಗೆ ಹೇಳುತ್ತಾನೆ. ಅಲ್ಲಿ ಬಾಲ್ ದೇವತೆಯ ಹೆಸರಿನ ಶ್ಲೇಷೆ ಇದೆ, ನಿಜ. ಆದರೂ ಈ ಎರಡು ಪದಗಳ ಭೇದವನ್ನು ಇಂಗ್ಲಿಷಿಗಿಂತ ಕನ್ನಡದಲ್ಲಿ ಚೆನ್ನಾಗಿ ಹೇಳಬಹುದು. ನೀವು ಎರಡಕ್ಕೂ ‘ಪತಿ’ ಎಂದು ಬರೆದು ಅವಕಾಶ ಕಳೆದುಕೊಂಡಿದ್ದೀರಿ.

ಮುಂದಿನ ಕರಡಿನಲ್ಲಿ ಮೂರು ಭಾಗಗಳನ್ನು ಮುರಿದು ಹಣ, ಮಗು, ದೇಹ, ಬಿಡುಗಡೆ, ಸಾವು ಎಂಬ ದಾರಿಯಲ್ಲಿ ಹೋಗಿ ನೋಡಿ. ಮತ್ತು ಮಿರಿಯಮಳನ್ನು ಒಳಗೆ ಕರೆಯಿರಿ, ನಿಮ್ಮ ಹಸ್ತಪ್ರತಿಯಲ್ಲಿ ಅವಳ ಹೆಸರೇ ಇಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತೇವೆ. ಸವತಿಯರ ಜಗಳ ಗಂಡ ಸತ್ತ ಮೇಲೂ ಮುಗಿಯಲಿಲ್ಲ. ಕ್ರಿ.ಶ. 131ರ ಜುಲೈನಲ್ಲಿ ಬಬತಾ, ‘ನನ್ನ ಮತ್ತು ನಿನ್ನ ಗಂಡ’ನ ಮನೆಯಲ್ಲಿದ್ದದ್ದನ್ನೆಲ್ಲ ದೋಚಿದೆಯೆಂದು ಆರೋಪಿಸಿ, ರೋಮನ್ ರಾಜ್ಯಪಾಲನ ಮುಂದೆ ಬರಬೇಕೆಂದು ಮಿರಿಯಮಳಿಗೆ ಸಮನ್ಸ್ ಕಳಿಸಿದಳು. ಆ ಗಂಡನ ಸ್ವತ್ತಿನ ಹತ್ತಿರ ಹೋಗಬೇಡವೆಂದು ನಿನಗೆ ನಾನೇ ಮೊದಲು ಎಚ್ಚರಿಸಿದ್ದೆನಲ್ಲ ಎಂದು ಮಿರಿಯಮ್ ಉತ್ತರ ಕೊಟ್ಟಳು. ಅವಳ ಆ ಉತ್ತರ ನಮಗೆ ಉಳಿದಿರುವುದು ಬಬತಾಳ ಚೀಲದಲ್ಲಿ.

ಇತಿ,
ನಿಮ್ಮ ಹಿರಿಯ ಓದುಗ